ಹಿತಕಿದ ವೋಟಿನ ಸಾರು

ಸ್ವಲ್ಪ ತಡೆಯಿರಿ. ಒಲೆಯ ಮೇಲೆ ಏನಾದರೂ ಇಟ್ಟಿದ್ದರೆ ಉರಿ ಸಣ್ಣ ಮಾಡಿ ಬಂದು ಕೂತುಕೊಳ್ಳಿ. ಈ ಕತೆಯಲ್ಲಿ ಒಂದು ಊರಿನ ವೋಟೆಲ್ಲ ಸಾರಾಗಿ ಬೇಯುತ್ತದೆ. ಅದು ಕುದಿ ಬರುವ ತನಕ ಎದ್ದು ಹೋಗುವ ಹಾಗಿಲ್ಲ.

ಇವತ್ತು ಬೆಳಿಗ್ಗೆ ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನ ಹೊರಗೆ ಗೋಣಿಚೀಲದ ಮೇಲೆ ಅವರೆಕಾಯಿ ರಾಶಿ ಹಾಕಿದ್ದರು. ಸುಮ್ಮನೆ ಒಂದು ಕಾಯಿ ತೆಗೆದುಕೊಂಡು ಬಿಡಿಸಿದೆ. ಎಣ್ಣೆಯ ಹಾಗೆ ಬೆರಳಿಗೆ ಸೊಗಡು ಹತ್ತಿಕೊಂಡಿತು. ಬಸ್ಸಿನಲ್ಲಿ ಕಿಕ್ಕೇರಿ ಬರುವವರೆಗೂ ಕೈ ಮೂಸುತ್ತಲೇ ಇದ್ದೆ. ಪಕ್ಕದಲ್ಲಿದ್ದವರು ನನ್ನನ್ನು ಎರಡು ಸಲ ನೋಡಿ, ಮೂರನೇ ಸಲ ಸ್ವಲ್ಪ ಜರುಗಿ ಕೂತರು. ಏನು ಮಾಡಲಿ? ಆ ವಾಸನೆಯೊಳಗೆ ಎರಡು ವರ್ಷದ ಹಿಂದಿನ ಒಂದು ಚಳಿಗಾಲ ಇಡೀ ಕೂತಿತ್ತು.

ನನ್ನ ಹೆಸರು ಮಧು. ಊರು ಕಿಕ್ಕೇರಿ ಪಕ್ಕದ ಹಳ್ಳಿ, ಕಿಕ್ಕೇರಿಯಲ್ಲಿ ಒಂದು ಜೆರಾಕ್ಸ್ ಅಂಗಡಿ. ಅಡುಗೆ ಬರುವುದಿಲ್ಲ. ಆದರೆ ರುಚಿ ನೋಡುವುದನ್ನು ನಾನೇ ಕಲಿತೆ, ಅಂಗಡಿಗೆ ಯಾರೂ ಬಾರದ ಮಧ್ಯಾಹ್ನಗಳಲ್ಲಿ, ಮೊಬೈಲಿನ ವಿಡಿಯೋ ನೋಡಿಕೊಂಡು. ಮೊದಲು ಮೂಸಬೇಕು, ಆಮೇಲೆ ನಾಲಿಗೆಯ ತುದಿಗೆ, ಆಮೇಲೆ ಹಿಂದಕ್ಕೆ. ಒಂದಾದ ಮೇಲೆ ಇನ್ನೊಂದಕ್ಕೆ ಹೋಗುವ ಮುಂಚೆ ಬಿಸಿನೀರು ಮುಕ್ಕಳಿಸಬೇಕು. ಇದಕ್ಕೆಂದೇ ಒಂದು ಫ್ಲಾಸ್ಕು ಮತ್ತು ಒಂದು ಪಾಕೆಟ್ ಪುಸ್ತಕ ಇಟ್ಟುಕೊಂಡಿದ್ದೆ. ಊರಿನವರು ನನಗೆ 'ನಾಲ್ಗೆ ಇನ್ಸ್‌ಪೆಕ್ಟ್ರು' ಎಂದು ಹೆಸರಿಟ್ಟಿದ್ದರು. ನನಗೆ ಒಳಗೊಳಗೇ ಖುಷಿಯೇ ಆಗಿತ್ತು.

ಆ ಚಳಿಗಾಲದಲ್ಲಿ ನಮ್ಮ ಸುತ್ತಮುತ್ತ ಎಲ್ಲಿ ತಿಂಡಿ ಮೇಳ, ಎಲ್ಲಿ ಯಾವ ಒಳ್ಳೆಯ ಕೆಲಸಕ್ಕೆಂದು ಊಟದ ಕೂಪನ್ನು ಮಾರುತ್ತಾರೆ ಎಂದು ಹುಡುಕಿಕೊಂಡು ಹೋಗುವುದೇ ನನ್ನ ಕೆಲಸವಾಗಿತ್ತು. ಹೊರಗೆ ಹೇಳುತ್ತಿದ್ದ ಕಾರಣ ರುಚಿ. ಒಳಗಿನ ಕಾರಣ ದೊಡ್ಡಮ್ಮ.

ದೊಡ್ಡಮ್ಮ ಎಂದರೆ ನಮ್ಮ ಅಪ್ಪನ ಅಣ್ಣನ ಹೆಂಡತಿ, ಸಾವಿತ್ರಮ್ಮ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಒಂದು ಕಾಲಕ್ಕೆ ನಮ್ಮ ಊರಿನಲ್ಲಿ ನಾಮಕರಣವಾಗಲಿ, ಗೃಹಪ್ರವೇಶವಾಗಲಿ, ಬೀಗರ ಊಟವಾಗಲಿ, ಸಾರು ದೊಡ್ಡಮ್ಮನದೇ. ಆಕೆ ಮಸಾಲೆ ರುಬ್ಬುವ ವಾಸನೆಗೆ ಕೇರಿಯ ಕೊನೆಯ ಮನೆಯವರು ತಮ್ಮ ಒಲೆ ಆರಿಸುತ್ತಿದ್ದರು. ಆಮೇಲೆ ಒಂದು ಬೀಗರ ಊಟದಲ್ಲಿ ಅನಾಹುತವಾಯಿತು. ದೊಡ್ಡಮ್ಮ ಉಪ್ಪು ಹಾಕಿ ಆ ಕಡೆ ತಿರುಗಿದ್ದರು. ಇನ್ನೊಬ್ಬರು ಬಂದು, ಹಾಕಿಲ್ಲವೇನೋ ಎಂದುಕೊಂಡು ಮತ್ತೆ ಅಷ್ಟೇ ಉಪ್ಪು ಸುರಿದರು. ಪಂಕ್ತಿಯ ಮೇಲೆ ಪಂಕ್ತಿ ಕೂತವು, ಎದ್ದವು. ಪ್ರತಿ ಎಲೆಯ ಮುಂದೆ ನಿಂತು ದೊಡ್ಡಮ್ಮ "ಎಂಗದೆ?" ಎಂದು ಕೇಳಿದರು. ಎಲ್ಲರೂ "ಚೆಂದಾಗದೆ ಕಣಕ್ಕ" ಎಂದರು. ಎಲ್ಲರೂ ಹೋದ ಮೇಲೆ ಕೊನೆಗೆ ತಾವು ತಟ್ಟೆಗೆ ಬಡಿಸಿಕೊಂಡು ಒಂದು ತುತ್ತು ಬಾಯಿಗಿಟ್ಟಾಗಲೇ ಅವರಿಗೆ ಗೊತ್ತಾದದ್ದು.

"ಉಪ್ಪಾಗಿದ್ದುಕ್ಕೆ ನಂಗೆ ಬೇಜಾರಿಲ್ಲ ಕಣ್ಲಾ" ಎಂದು ಒಮ್ಮೆ ನನಗೆ ಹೇಳಿದ್ದರು. "ಒಬ್ರಾದ್ರೂ ಯೋಳ್ನಿಲ್ವಲ್ಲ. ನಾನು ಸೌಟು ಇಡ್ಕಂಡು ಪೆದ್ದಿಯಂಗೆ ನಗ್ತಾ ತಿರುಗ್ದೆ."

ಅವತ್ತಿನಿಂದ ಮನೆಯ ಒಲೆ ಬಿಟ್ಟು ಬೇರೆ ಒಲೆಯ ಮುಂದೆ ಅವರು ಕೂರಲಿಲ್ಲ. ಮೂರು ವರ್ಷ. ಯಾರು ಕರೆದರೂ ಸೊಂಟ ನೋವು ಎನ್ನುತ್ತಿದ್ದರು. ಅದೇ ಸೊಂಟದಲ್ಲಿ ಎರಡು ಹಸುವಿನ ಹಾಲು ಕರೆಯುತ್ತಿದ್ದರು. ಆ ಸಾರು ಮತ್ತೆ ಹತ್ತು ಜನರ ತಟ್ಟೆಗೆ ಬೀಳಬೇಕು, ನನಗೆ ಬೇಕಾಗಿದ್ದದ್ದು ಅಷ್ಟೇ. ಬೇರೆಯವರ ಒಲೆ ನೋಡಿದರೆ ಅವರಿಗೂ ಮನಸ್ಸಾದೀತು ಎಂದು ಮೇಳ ಹುಡುಕುತ್ತಿದ್ದೆ.

ಮೊದಲ ಮೇಳ ಶ್ರೀರಂಗಪಟ್ಟಣದ್ದು. ಕಣ್ಣಿನ ತಪಾಸಣೆ ಶಿಬಿರಕ್ಕೆ ನೆರವಾಗಲೆಂದು ಒಂದು ಛತ್ರದ ಅಂಗಳದಲ್ಲಿ ಬಿರಿಯಾನಿ ಸಾಲು ಹಾಕಿದ್ದರು. ಹೊಳೆಯ ಕಡೆಯಿಂದ ತಣ್ಣನೆಯ ಗಾಳಿ ಬರುತ್ತಿತ್ತು, ಹಬೆ ನೆಟ್ಟಗೆ ಏಳದೆ ಜನರ ಮುಖಕ್ಕೇ ಬರುತ್ತಿತ್ತು. ನಾನು ನನ್ನ ಫ್ಲಾಸ್ಕು ತೆಗೆದು ಮುಕ್ಕಳಿಸುತ್ತಿದ್ದೆ. ಪಕ್ಕದಲ್ಲಿ ಒಬ್ಬ ನಿಂತಿದ್ದ, ತೆಳ್ಳನೆಯವನು, ಕೊರಳಿಗೆ ಮಫ್ಲರು. ಒಂದು ತುತ್ತು ತಿಂದವನೇ ಗಟ್ಟಿಯಾಗಿ ಹೇಳಿದ:

"ಚಾಚಾ, ಅಕ್ಕಿ ಬೆಂದಿಲ್ಲ."

ಬಿರಿಯಾನಿ ಬೇಯಿಸುವ ಡೇಗ್ಚಿಯ ಹಿಂದಿದ್ದ ಗಡ್ಡದ ಹಿರಿಯರು ಕಣ್ಣು ಕೆಕ್ಕರಿಸಿದರು. "ಸ್ವಂತ ಚಾಚಾನ ಬಿರಿಯಾನಿಗೇ ಹೀಗಂತೀಯಲ್ಲೋ ಬೇಷರಂ!"

"ಸ್ವಂತ ಚಾಚಾ ಅಂತಾನೇ ಹೇಳಿದ್ದು. ಬೇರೆಯೋರ್ದಾಗಿದ್ರೆ ಬಹುತ್ ಅಚ್ಛಾ ಅಂದ್ಬಿಟ್ಟು ಹೋಗ್ತಿದ್ದೆ."

ಹಿರಿಯರು ಗೊಣಗಿಕೊಂಡು ಮುಚ್ಚಳದ ಮೇಲೆ ಇನ್ನೊಂದಿಷ್ಟು ಕೆಂಡ ಹಾಕಿದರು. ಕಾಲು ಗಂಟೆ ಬಿಟ್ಟು ಅದೇ ಬಿರಿಯಾನಿ ಇಡೀ ಸಾಲಿನಲ್ಲೇ ಒಳ್ಳೆಯದಾಗಿತ್ತು. ಹೀಗೆ ನನಗೆ ಇರ್ಫಾನ್ ಸಿಕ್ಕ. ಗಂಜಾಂ ಕಡೆಯ ಹುಡುಗ, ಲಗೇಜ್ ಆಟೋ ಓಡಿಸುತ್ತಿದ್ದ. ವಿಡಿಯೋ ನೋಡಿರಲಿಲ್ಲ, ಪುಸ್ತಕ ಇರಲಿಲ್ಲ, ನಾಲಿಗೆ ಮಾತ್ರ ನನಗಿಂತ ಚುರುಕು. ಅದಕ್ಕಿಂತ ಹೆಚ್ಚಾಗಿ, ನಾಲಿಗೆಗೆ ತೋಚಿದ್ದನ್ನು ಬಾಯಿ ತಡೆಯುತ್ತಿರಲಿಲ್ಲ.

ಪಾಂಡವಪುರ ಕಡೆಯ ಆಲೆಮನೆಗೆ ದೊಡ್ಡಮ್ಮನನ್ನೂ ಹೊರಡಿಸಿದೆ. "ಬೆಲ್ಲ ಒಳ್ಳೇದೋ ಕೆಟ್ಟದ್ದೋ ನಂಗೊತ್ತಾಗಲ್ಲ, ಬಾ ದೊಡ್ಡಮ್ಮ" ಎಂದು ಸುಳ್ಳು ಹೇಳಿದೆ. ಮೊಪೆಡ್ಡಿನ ಹಿಂದೆ ಶಾಲು ಹೊದ್ದು, ಕಿವಿಗೆ ಮಫ್ಲರು ಸುತ್ತಿಕೊಂಡು, ಒಂದು ಖಾಲಿ ಸ್ಟೀಲ್ ಡಬ್ಬಿ ಮಡಿಲಲ್ಲಿಟ್ಟುಕೊಂಡು ಬಂದರು. ದಾರಿಯುದ್ದಕ್ಕೂ ಇಬ್ಬನಿ. ನಾಲೆಯ ಮೇಲೆ ಹೊಗೆಯ ಹಾಗೆ ಮಂಜು. ಕಬ್ಬಿನ ಗಾಡಿಗಳ ಹಿಂದೆ ನಾವು ಆಮೆಯ ಹಾಗೆ ಹೋಗುತ್ತಿದ್ದೆವು.

ಅಲ್ಲಿ ಆಲೆಮನೆಯ ಮಾಲೀಕರು ಹೊಸ ಬೆಲ್ಲ ಸವಿಯಲು ಬನ್ನಿ ಎಂದು ಜನರನ್ನು ಕರೆದಿದ್ದರು. ಶುಂಠಿ, ನಿಂಬೆ ಹಿಂಡಿದ ಕಬ್ಬಿನ ಹಾಲು ಒಂದು ಕಡೆ. ಇನ್ನೊಂದು ಕಡೆ ಬಿಸಿ ದೋಸೆಯ ಮೇಲೆ ಸುರಿಯುವ ಜೋನಿ ಬೆಲ್ಲ. ದೊಡ್ಡ ಕೊಪ್ಪರಿಗೆಯಲ್ಲಿ ಪಾಕ ಬುಗುಬುಗು ಎನ್ನುತ್ತಿತ್ತು. ಪಾಕ ನೋಡುವವರು ಒಂದು ತೊಟ್ಟು ತೆಗೆದು ನೀರಿಗೆ ಬಿಟ್ಟು, ಬೆರಳಿನಲ್ಲಿ ಉಂಡೆ ಮಾಡಿ ನೋಡುತ್ತಿದ್ದರು. ದೊಡ್ಡಮ್ಮ ಅವರ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಮೂರು ವರ್ಷದಲ್ಲಿ ಮೊದಲ ಸಲ ಬೇರೆಯವರ ಒಲೆಯ ಬೆಳಕು ಅವರ ಮುಖದ ಮೇಲಿತ್ತು. ನಾನು ಪುಸ್ತಕದಲ್ಲಿ ಬೆಲ್ಲದ ಬದಲು ಅದನ್ನೇ ಬರೆದುಕೊಂಡೆ.

ಡಬ್ಬಿಯ ತುಂಬ ಜೋನಿ ಬೆಲ್ಲ ತುಂಬಿಕೊಂಡೇ ಅವರು ಮೊಪೆಡ್ಡು ಹತ್ತಿದ್ದು.

ಮುಂದಿನದು ನಾಗಮಂಗಲದ ರಾಗಿ ಮೇಳ. ಇರ್ಫಾನ್ ಆ ಕಡೆ ಬಾಡಿಗೆಗೆ ಹೋಗುವವನಿದ್ದ, ಮೂವರೂ ಆಟೋದ ಮುಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತೆವು. ಹುರುಳಿ ಸಾರು, ರಾಗಿ ಅಂಬಲಿ, ಹುರಿಹಿಟ್ಟು, ಬಿಸಿ ಮುದ್ದೆ. ಮುದ್ದೆ ತೊಳಸುತ್ತಿದ್ದದ್ದು ಒಬ್ಬ ಚಿಕ್ಕ ವಯಸ್ಸಿನ ಹೆಂಗಸು. ದೊಡ್ಡಮ್ಮ ಒಂದು ತುತ್ತು ಮುರಿದರು, ನುಂಗಿದರು.

"ಎಂಗದೆ ಅತ್ತೆಮ್ಮ?" ಎಂದು ಆಕೆ ಕೇಳಿದಳು.

"ಚೆಂದಾಗದೆ ಕಣವ್ವ" ಎಂದರು ದೊಡ್ಡಮ್ಮ.

ವಾಪಸು ಬರುವಾಗ ಬಿಸಿಲು ಇಳಿಯುತ್ತಿತ್ತು. ಇರ್ಫಾನ್ ಗೇರು ಬದಲಾಯಿಸುತ್ತ ಕೇಳಿದ: "ದೊಡ್ಡಮ್ಮ, ಮುದ್ದೆ ಹೇಗಿತ್ತು? ನಿಜ ಹೇಳಿ."

"ಗಂಟುಗಂಟಾಗಿತ್ತು ಕಣಪ್ಪ. ಎಸರು ಮಳ್ಳಿ ಕುದಿಯಕ್ಕೆ ಮುಂಚೇನೇ ರಾಗಿ ಇಟ್ಟು ಉಯ್ದವ್ಳೆ."

"ಮತ್ತೆ ಚೆನ್ನಾಗದೆ ಅಂದ್ರಲ್ಲ!"

"ಬೆವರು ಸುರ್ಸ್ಕಂಡು ತೊಳಸ್ತಿತ್ತು ಆ ಮಗ. ಮಕ ನೋಡ್ಕಂಡು ಎಂಗ್ಲಾ ಯೋಳಾದು?"

ಹೇಳಿದವರೇ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡರು. ರಸ್ತೆಯಲ್ಲಿ ಎರಡು ಊರು ದಾಟಿದೆವು. ನಾನು ಬಾಯಿ ತೆರೆಯಲು ಹೋದರೆ ಇರ್ಫಾನ್ ಮೊಣಕೈಯಲ್ಲಿ ತಿವಿದ. ಕೊನೆಗೆ ದೊಡ್ಡಮ್ಮ ಗಾಜಿನ ಆಚೆ ನೋಡಿಕೊಂಡು ನಿಧಾನಕ್ಕೆ ಹೇಳಿದರು:

"ಅವತ್ತು ನನ್ ಮುಂದೇನೂ ಇಂಗೇ ಆಗಿರ್ಬೇಕು."

ಆ ರಾತ್ರಿ ಹಾಸಿಗೆಯಲ್ಲಿ ನನಗೆ ಒಂದು ದೊಡ್ಡ ಉಪಾಯ ಹೊಳೆಯಿತು. ಬಾಯಿಂದ ಹೇಳಲು ಸಂಕೋಚವಲ್ಲವೇ? ಹಾಗಾದರೆ ಬಾಯಿಯೇ ಬೇಡ. ವೋಟು ಹಾಕಿಸೋಣ. ಯಾರ ಅಡುಗೆ ಎಂದು ಯಾರಿಗೂ ಕಾಣಬಾರದು, ಯಾರ ವೋಟು ಎಂದೂ ಗೊತ್ತಾಗಬಾರದು. ಸತ್ಯ ಅದಾಗಿಯೇ ಹೊರಬರುತ್ತದೆ, ದೊಡ್ಡಮ್ಮ ಅದನ್ನು ಕಣ್ಣಾರೆ ನೋಡುತ್ತಾರೆ. ಊರಿನ ನಾಲಿಗೆಯ ಮೇಲೆ ನಂಬಿಕೆ ಬಂದರೆ ಸೌಟೂ ಕೈಗೆ ಬರುತ್ತದೆ.

ಅಷ್ಟು ಹೊತ್ತಿಗೆ ನಮ್ಮ ಊರಿನ ಶಾಲೆಯ ಬಿಸಿಯೂಟದ ಅಡುಗೆಮನೆ ಸೋರುತ್ತಿತ್ತು. ಹೆಡ್‌ಮೇಡಂ ಹೊಸ ಶೀಟು ಹಾಕಿಸಲು ಊರಿನವರ ನೆರವು ಕೇಳಿದ್ದರು. ನಾನು ಓಡಿಹೋಗಿ ಹೇಳಿದೆ: ಸಂಕ್ರಾಂತಿಗೆ ಮುಂಚಿನ ಭಾನುವಾರ, ಶಾಲೆಯ ಮೈದಾನದಲ್ಲಿ, ಐದು ಮನೆಯ ಅವರೆಕಾಳು ಸಾರು. ಕೂಪನ್ನು ತೆಗೆದುಕೊಂಡವರಿಗೆ ಐದು ದೊನ್ನೆ ಸಾರು, ಒಂದು ಅವರೆಕಾಳು. ಆ ಕಾಳೇ ವೋಟು. ಯಾವ ಸಾರು ಹಿಡಿಸಿತೋ ಅದರ ಮುಂದಿನ ಮಡಕೆಗೆ ಹಾಕಬೇಕು. ಮೇಡಂಗೆ ಬಹಳ ಹಿಡಿಸಿತು. ಕೂಪನ್ನನ್ನು ನಾನೇ ನನ್ನ ಅಂಗಡಿಯಲ್ಲಿ ಜೆರಾಕ್ಸ್ ಮಾಡಿದೆ.

ದೊಡ್ಡಮ್ಮನನ್ನು ಕೇಳಿದೆ. "ಆರ್ನೇ ಸಾರು ನಿಂದು."

"ಸುಮ್ಕಿರ್ಲಾ. ನಾನು ಬಂದು ಕೂತ್ಕತೀನಿ, ಅಷ್ಟೇಯ."

ಆದರೂ ಆರನೇ ಒಲೆ ಹೂಡಿದೆ. ಮೂರು ಕಲ್ಲು, ಒಣ ಸೌದೆ, ಒಂದು ದೊಡ್ಡ ಪಾತ್ರೆ, ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಕಾಯಿ, ಕೊತ್ತಂಬರಿ, ಗಸಗಸೆ, ಚಕ್ಕೆ, ಲವಂಗ, ಮನೆಯ ಖಾರದ ಪುಡಿ. ಒಂದೂ ಮರೆಯಲಿಲ್ಲ. ಇರ್ಫಾನ್ ನೋಡಿ ನಕ್ಕ. "ಭಾಯ್, ಮದುಮಗಳು ಒಪ್ಪೇ ಇಲ್ಲ, ನೀನು ಚಪ್ಪರ ಹಾಕ್ತಿದ್ದೀಯ."

ಶನಿವಾರ ವೋಟಿಗೆಂದು ಒಂದು ಮೂಟೆ ಅವರೆಕಾಯಿ ತಂದು ಮನೆಯವರೆಲ್ಲ ಸೇರಿ ಬಿಡಿಸಿ, ದೊಡ್ಡ ಬೇಸಿನ್ನಿನ ತುಂಬ ಕಾಳು ಜಗಲಿಯ ಮೇಲಿಟ್ಟು ಮಲಗಿದೆವು. ಆ ವಾರ ಇಬ್ಬನಿ ಚೆನ್ನಾಗಿ ಬಿದ್ದಿತ್ತು. ನಮ್ಮ ಕಡೆ ಇಬ್ಬನಿ ಬಿದ್ದಷ್ಟೂ ಅವರೆಗೆ ಸೊಗಡು ಏರುತ್ತದೆ ಎನ್ನುತ್ತಾರೆ. ಮನೆಯೆಲ್ಲ ಅದೇ ಘಮ. ಬೆಳಿಗ್ಗೆ ಎದ್ದು ನೋಡಿದರೆ ಬೇಸಿನ್ನಿನ ತುಂಬ ನೀರು. ಕಾಳೆಲ್ಲ ಊದಿಕೊಂಡು ದಪ್ಪಗಾಗಿವೆ.

"ಯಾರು ನೀರು ಉಯ್ದದ್ದು?" ಎಂದು ಕೂಗಿದೆ.

ಗೋಡೆಯ ಆಚೆಯಿಂದ ದೊಡ್ಡಮ್ಮನ ದನಿ: "ನಾನೇ ಕಣ್ಲಾ, ರಾತ್ರೆ. ಬಿಡ್ಸಿದ್ ಕಾಳ್ನ ನೆನೆ ಆಕ್ದೆ ಅಂಗೇ ಮಡಗ್ತಾರ? ಒಂದ್ ಚೂರಾದ್ರೂ ಗ್ಯಾನ ಬ್ಯಾಡ್ವ?"

ನೆನೆದರೇನು, ವೋಟು ವೋಟೇ ಎಂದುಕೊಂಡೆ. ನೀರು ಬಸಿದು ಬೇಸಿನ್ನನ್ನು ಮೈದಾನಕ್ಕೆ ಹೊತ್ತೆ. ಓದುತ್ತಿರುವ ನೀವು ನಮ್ಮ ಸೀಮೆಯವರಾದರೆ ಈಗಾಗಲೇ ತಲೆ ಚಚ್ಚಿಕೊಂಡಿರುತ್ತೀರಿ. ನನಗೆ ಆಗ ಹೊಳೆಯಲಿಲ್ಲ.

ಬೇರೆ ಕಡೆಯವರಿಗೆ ಹೇಳಿಬಿಡುತ್ತೇನೆ. ಅವರೆಕಾಳನ್ನು ರಾತ್ರಿಯಿಡೀ ನೆನೆಸಿದರೆ ಸಿಪ್ಪೆ ಸಡಿಲವಾಗುತ್ತದೆ. ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಸಲ ಹಿತಕಿದರೆ ಬೇಳೆ ಪುಳಕ್ಕನೆ ಹಾರುತ್ತದೆ. ಆ ಹಿತಕಿದ ಬೇಳೆಯ ಸಾರು ಅಂದರೆ ನಮ್ಮ ಚಳಿಗಾಲದ ದೊಡ್ಡ ಸುಖ. ಮತ್ತು ನೆನೆದ ಅವರೆಕಾಳು ಕೈಗೆ ಸಿಕ್ಕಿದರೆ ಹಿತಕದೆ ಬಿಡುವ ಬೆರಳು ನಮ್ಮ ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲ.

ಹನ್ನೊಂದು ಗಂಟೆಗೆ ಮೈದಾನ ತುಂಬಿತು. ಸಿಂಧಘಟ್ಟದಿಂದಲೂ ಜನ ಬಂದಿದ್ದರು. ಅಡುಗೆಯವರನ್ನು ಸೀರೆಯ ಪರದೆಯ ಹಿಂದೆ ಕೂರಿಸಿದ್ದೆ. ಜನ ಐದು ದೊನ್ನೆ ಕುಡಿದರು. ನಾಲಿಗೆ ಚಪ್ಪರಿಸಿದರು. ಮಡಕೆಗಳ ಮುಂದೆ ಬಂದು ನಿಂತರು. ನಿಂತೇ ಇದ್ದರು.

"ಮೂರನೇದು ನಮ್ಮ ನಾದಿನಿದು ಕಣೆ, ಬಳೆ ಸದ್ದಲ್ಲೇ ಗೊತ್ತಾಯ್ತದೆ."

"ಎರಡನೇದ್ರಲ್ಲಿ ಕಾಯಿ ಜಾಸ್ತಿ. ಅದು ಮೂಲೆಮನೆಯೋರ್ದೇಯ."

"ಅವ್ರಿಗಾಕಿದ್ರೆ ಇವ್ರಿಗೆ ಬೇಜಾರು. ಏನವ್ವಾ ಮಾಡಾದು?"

ಯೋಚನೆ ಮಾಡುತ್ತ ಮಾಡುತ್ತ ಬೆರಳುಗಳು ತಮ್ಮ ಕೆಲಸ ತಾವು ಮಾಡಿದವು. ಪುಳಕ್. ಒಂದು ಕೈಯಲ್ಲಿ ಬೇಳೆ, ಇನ್ನೊಂದು ಕೈಯಲ್ಲಿ ಸಿಪ್ಪೆ. ಅಷ್ಟು ಒಳ್ಳೆಯ ಬೇಳೆಯನ್ನು ಮಡಕೆಗೆ ಬಿಸಾಡಲು ಯಾರಿಗೆ ಮನಸ್ಸು ಬರುತ್ತದೆ? ಸಿಪ್ಪೆಯನ್ನು ಯಾವುದೋ ಒಂದು ಮಡಕೆಗೆ ಹಾಕಿ, ಬೇಳೆಯನ್ನು ಪಕ್ಕದಲ್ಲಿದ್ದ ತಟ್ಟೆಗೆ ಹಾಕಿದರು. ಒಬ್ಬರು ಹಾಕಿದ್ದನ್ನು ನೋಡಿ ಇನ್ನೊಬ್ಬರು ಹಾಕಿದರು.

ನಾನು ಕೂಪನ್ನಿನ ಮೇಜಿನಿಂದ ತಿರುಗಿ ನೋಡುವಷ್ಟರಲ್ಲಿ ಪುಟ್ಟತಾಯಜ್ಜಿ ವೋಟಿನ ಬೇಸಿನ್ನನ್ನೇ ಮುಂದಕ್ಕೆಳೆದುಕೊಂಡು ಕಾಲು ಚಾಚಿ ಕೂತಿದ್ದಳು. ನಮ್ಮ ಕೇರಿಯ ಹಿರಿತಲೆ, ಎಂಬತ್ತು ದಾಟಿದವಳು. ಸುತ್ತ ಏಳೆಂಟು ಹೆಂಗಸರು. ಎಲ್ಲರ ಕೈಯಲ್ಲೂ ಪುಳಕ್ ಪುಳಕ್.

"ಅಜ್ಜೀ! ಅದು ವೋಟು ಕಣಜ್ಜಿ!"

"ವೋಟೋ ಗೀಟೋ. ನೆನ್ದಿರೋ ಕಾಳು ಮುಂದ್ಕೆ ಮಡಗ್ಬುಟ್ಟು ಕೈ ಕಟ್ಕಂಡು ಕೂತ್ಕೊ ಅಂದ್ರೆ ಆಯ್ತದ? ಸರ್ಕಳ್ಲಾ, ಬಿಸ್ಲು ಬಿಡು."

ಇರ್ಫಾನ್ ಮಡಕೆಗಳನ್ನು ಒಂದೊಂದಾಗಿ ಬಗ್ಗಿಸಿ ನೋಡಿದ. ಐದರಲ್ಲೂ ಬರೀ ಸಿಪ್ಪೆ. ಅದೂ ಹೆಚ್ಚುಕಡಿಮೆ ಒಂದೇ ಮಟ್ಟ. ಅವನು ನಗು ತಡೆಯಲಾರದೆ ನೆಲದ ಮೇಲೆ ಕೂತುಬಿಟ್ಟ. ನನಗೆ ಅಳು ಬರುವ ಹಾಗಾಗಿತ್ತು. ನನ್ನ ಉಪಾಯ ಸಿಪ್ಪೆಯಾಗಿತ್ತು, ದೊಡ್ಡಮ್ಮ ಬೇವಿನ ಮರದ ಕೆಳಗೆ ಕೈ ಮಡಿಲಲ್ಲಿಟ್ಟುಕೊಂಡು ಹಾಗೆಯೇ ಕೂತಿದ್ದರು.

ಅರ್ಧ ಗಂಟೆಗೆ ಬೇಸಿನ್ನು ಬೆಳ್ಳಗಾಯಿತು. ಹಿತಕಿದ ಬೇಳೆ, ಮುತ್ತಿನ ಹಾಗೆ, ರಾಶಿ. ಹೆಡ್‌ಮೇಡಂ ಬಂದು ನೋಡಿ, "ಇದನ್ನೇನು ಮಾಡೋದು ಮಧು?" ಎಂದರು.

"ಇಟ್ರೆ ಸಂಜೆಗೆ ಉಳಿ ಬಂದು ಕೆಟ್ಟೋಯ್ತದೆ ಕಣಮ್ಮ" ಎಂದಳು ಅಜ್ಜಿ. "ಈಗ್ಲೇ ಬೇಯಿಸ್ಬೇಕು." ಹೇಳಿ ಸುಮ್ಮನೆ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಯಾರೂ ಯಾರನ್ನೂ ಕರೆಯಲಿಲ್ಲ. ಆದರೆ ಅಲ್ಲಿದ್ದವರೆಲ್ಲ ಒಮ್ಮೆ ಬೇವಿನ ಮರದ ಕಡೆ ನೋಡಿ, ಬೇರೆ ಕಡೆ ನೋಡಿದರು.

ದೊಡ್ಡಮ್ಮ ಬೇಸಿನ್ನು ನೋಡಿದರು. ಆರನೇ ಒಲೆ ನೋಡಿದರು. ನನ್ನನ್ನು ನೋಡಿದರು. ಎದ್ದರು. ಬಂದು ಒಂದು ಬೇಳೆ ತೆಗೆದು ಉಗುರಿನಲ್ಲಿ ಸೀಳಿದರು.

"ಎಳೇವು. ಬಿರ್ನೆ ಬೇಯ್ತವೆ" ಎಂದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸುತ್ತ, "ಲೇ ಮಧು, ಗರ ಬಡ್ದೋನಂಗೆ ಯಾಕ್ಲಾ ನಿಂತಿದ್ದೀಯೆ? ಬೆಂಕಿ ಆಕು."

ಅಷ್ಟು ಜೋರಾಗಿ ನಾನು ಯಾವತ್ತೂ ಒಲೆ ಊದಿಲ್ಲ. ಪರದೆಯ ಹಿಂದಿದ್ದ ಐದು ಮನೆಯ ಹೆಂಗಸರೂ ಹೊರಗೆ ಬಂದು ಈರುಳ್ಳಿ ಹೆಚ್ಚಲು, ಕಾಯಿ ತುರಿಯಲು ಕೂತರು. ಮಸಾಲೆ ಎಣ್ಣೆಗೆ ಬಿದ್ದ ಸದ್ದಿಗೆ ಮೈದಾನದಲ್ಲಿ ಕಬಡ್ಡಿ ಆಡುತ್ತಿದ್ದವರು ನಿಂತರು. ಆ ವಾಸನೆ! ಮೂರು ವರ್ಷ ಗೋಡೆಯ ಆಚೆ ಸಣ್ಣ ಪಾತ್ರೆಯಲ್ಲಿ ಅಡಗಿದ್ದ ವಾಸನೆ ಶಾಲೆಯ ಕಾಂಪೌಂಡು ಹಾರಿ ರಸ್ತೆಗೆ ಹೋಯಿತು. ಬಸ್ಸಿಗೆ ಕಾಯುತ್ತಿದ್ದವರು ಒಳಗೆ ಬಂದು ಕೂಪನ್ನು ತೆಗೆದುಕೊಂಡರು.

ಉಪ್ಪಿನ ಹೊತ್ತಿಗೆ ದೊಡ್ಡಮ್ಮನ ಕೈ ನಿಧಾನವಾಯಿತು. ಒಂದು ಚಿಟಿಕೆ ಹಾಕಿದರು. ನಿಂತರು. ಇನ್ನೊಂದು ಹಾಕಿದರು. ಡಬ್ಬಿ ಮುಚ್ಚಿಬಿಟ್ಟರು. ಅಷ್ಟು ದೊಡ್ಡ ಪಾತ್ರೆಗೆ ಅದು ಏನೇನೂ ಅಲ್ಲ ಎಂದು ನನಗೂ ಗೊತ್ತಿತ್ತು. ಆದರೂ ನಾಲ್ಗೆ ಇನ್ಸ್‌ಪೆಕ್ಟ್ರು ಬಾಯಿ ಮುಚ್ಚಿಕೊಂಡು ಸೌದೆ ಒತ್ತಿದ.

ಮೊದಲ ಸಾಲಿಗೆ ಬಡಿಸಿದರು. ಎಲ್ಲರೂ ಒಂದು ಗುಟುಕು ಕುಡಿದರು.

"ಎಂಗದೆ?"

"ಚೆಂದಾಗದೆ ಕಣಕ್ಕ."

"ಬೋ ಚೆಂದಾಗದೆ."

ಸೌಟು ಹಿಡಿದ ದೊಡ್ಡಮ್ಮನ ಮುಖದ ಬೆಳಕು ಆರುವುದನ್ನು ನಾನು ನೋಡಿದೆ. ಅದೇ ಮಾತು, ಅದೇ ನಗು, ಅದೇ ಪಂಕ್ತಿ. ಅವರು ಸೌಟನ್ನು ಪಾತ್ರೆಯ ಅಂಚಿಗೆ ಒರಗಿಸಲು ಹೊರಟರು.

ಆಗ ಸಾಲಿನ ಮಧ್ಯದಿಂದ ಇರ್ಫಾನ್: "ದೊಡ್ಡಮ್ಮ, ಕಸಮ್ ಸೇ ಹೇಳ್ತೀನಿ, ಇಂಥಾ ಘಮ ನನ್ನ ಜನ್ಮದಲ್ಲಿ ನೋಡಿಲ್ಲ. ಆದ್ರೆ ಉಪ್ಪೇ ಇಲ್ಲ!"

ಯಾರದೋ ಕೈಯ ದೊನ್ನೆ ಬಾಯಿಯ ಹತ್ತಿರವೇ ನಿಂತಿತು. ದೊಡ್ಡಮ್ಮ ಅವನನ್ನೇ ನೋಡಿದರು.

"ಏನಂದೆ?"

"ಸಪ್ಪೆ, ದೊಡ್ಡಮ್ಮ."

ಪುಟ್ಟತಾಯಜ್ಜಿ ತನ್ನ ದೊನ್ನೆ ಕೆಳಗಿಟ್ಟಳು. "ಊಂ ಕಣ್ ಸಾವಿತ್ರಿ. ಆ ಉಡ್ಗ ಯೋಳಾದು ನಿಜ. ಸಪ್ಪೇಯ."

"ನಂಗೂ ಅಂಗೇ ಅನ್ನುಸ್ತು ಕಣಕ್ಕ" ಎಂದು ಹಿಂದಿನಿಂದ ಇನ್ನೊಬ್ಬರು. "ಒಂಚೂರ್ ಕಮ್ಮಿ." "ಒಂಚೂರಲ್ಲ, ಬೋ ಕಮ್ಮಿ!"

"ಅಯ್ಯೋ ನಿಮ್ಮ!" ಎಂದರು ದೊಡ್ಡಮ್ಮ. "ಈಗ್ ಯೋಳಕ್ಕೆ ಬಾಯಿ ಬಂತಾ? ಅವತ್ತು ಬೀಗ್ರೂಟದಲ್ಲಿ ಎಲ್ಲೋಗಿತ್ತು ಈ ಬಾಯಿ?"

ಕೆಲವರು ದೊನ್ನೆಯೊಳಗೆ ನೋಡಿಕೊಂಡರು. ಕೊನೆಗೆ ಅಜ್ಜಿಯೇ ಹೇಳಿದಳು: "ನೀನು ಅಷ್ಟು ಆಸೆಯಾಗಿ ಮಕ ನೋಡ್ತಿದ್ದೆ ಕಣವ್ವ. ಮನೇಗೋಗಿ ಎಲ್ಡ್ ಚೊಂಬು ನೀರು ಕುಡ್ದೆ, ನಿಂಗ್ ಮಾತ್ರ ಯೋಳಕಾಗ್ನಿಲ್ಲ."

ದೊಡ್ಡಮ್ಮ ಸೌಟನ್ನು ಮತ್ತೆ ನೆಟ್ಟಗೆ ಹಿಡಿದರು. ಆಮೇಲೆ ನಕ್ಕರು. ಹೊಟ್ಟೆಯಿಂದ ಬಂದ ನಗು, ಸೌಟು ಅಲ್ಲಾಡುವ ನಗು. ಉಪ್ಪಿನ ಡಬ್ಬಿಯ ಮುಚ್ಚಳ ತೆಗೆದು ಒಂದು ಹಿಡಿ ಎತ್ತಿ ಎಲ್ಲರಿಗೂ ಕಾಣುವ ಹಾಗೆ ಹಿಡಿದರು.

"ಇಷ್ಟು ಸಾಕಾ?"

"ಆಕಕ್ಕ!"

ಕದಡಿ, ಎಲ್ಲರಿಗೂ ಮತ್ತೊಂದು ಗುಟುಕು. "ಈಗ?"

"ಇನ್ನೊಂಚೂರು!"

"ಸಾಕು ಸಾಕು!"

"ಸಾಕಾಗಲ್ಲ, ಆಕು!"

ಇಡೀ ಮೈದಾನ ಉಪ್ಪಿಗಾಗಿ ಜಗಳ ಆಡಿತು. ನಾನು ಎಷ್ಟೋ ಮೇಳಗಳಿಗೆ ಹೋಗಿದ್ದೇನೆ, ಎಷ್ಟೋ ಬರೆದುಕೊಂಡಿದ್ದೇನೆ. ಅವತ್ತು ಪುಸ್ತಕ ತೆಗೆಯುವುದು ನೆನಪೇ ಆಗಲಿಲ್ಲ. ಪಾತ್ರೆಯ ತಳ ಕಂಡಾಗ ಅಜ್ಜಿ ದೊನ್ನೆ ನೆಕ್ಕುತ್ತಿದ್ದಳು.

ಐದು ಮಡಕೆಯ ಸಿಪ್ಪೆಯನ್ನು ದೊಡ್ಡಮ್ಮನ ಹಸುಗಳು ತಿಂದವು. ಅಡುಗೆಮನೆಗೆ ಶೀಟು ಬಿತ್ತು. ದೊಡ್ಡಮ್ಮನ ಸೊಂಟ ನೋವು ಅವತ್ತೇ ಹೋಯಿತು. ಈಗ ಅವರು ಯಾವ ಕಾರ್ಯಕ್ಕೆ ಹೋದರೂ, ಮೊದಲ ದೊನ್ನೆ ಬಡಿಸಿದ ಮೇಲೆ ಪಂಕ್ತಿಯ ಮುಂದೆ ಉಪ್ಪಿನ ಡಬ್ಬಿ ಮುಚ್ಚಳ ತೆಗೆದೇ ಇಟ್ಟುಕೊಂಡು ನಿಲ್ಲುತ್ತಾರೆ. "ಎಂಗದೆ?" ಎಂದು ಕೇಳುವುದಿಲ್ಲ. "ಏನು ಕಮ್ಮಿ?" ಎಂದು ಕೇಳುತ್ತಾರೆ. ಶ್ರೀರಂಗಪಟ್ಟಣದಿಂದ ಆಟೋ ಬಂದಿದೆಯೇ ಎಂದೂ ಒಮ್ಮೆ ನೋಡುತ್ತಾರೆ.

ಬೆರಳಿನ ಸೊಗಡು ಇನ್ನೂ ಹೋಗಿಲ್ಲ, ಅದೇ ಕೈಯಲ್ಲಿ ಇದನ್ನು ಟೈಪ್ ಮಾಡುತ್ತಿದ್ದೇನೆ. ನಿಮ್ಮೂರಿನ ಮೇಳದಲ್ಲೋ, ಮದುವೆಮನೆಯಲ್ಲೋ, ನಿಮ್ಮದೇ ಅಡುಗೆಮನೆಯಲ್ಲೋ, ನಿಮ್ಮ ಮುಖ ನೋಡಿಕೊಂಡೇ ನಿಜ ಹೇಳಿದವರು ಯಾರು? ಯಾವ ಅಡುಗೆಗೆ, ಏನು ಹೇಳಿದರು? ಕೆಳಗೆ ಬರೆಯಿರಿ, ದೊಡ್ಡಮ್ಮನಿಗೆ ಓದಿ ಹೇಳುತ್ತೇನೆ. ಈ ಬರಹದಲ್ಲಿ ಏನು ಕಮ್ಮಿಯಾಯಿತು ಎಂಬುದನ್ನೂ ಬರೆಯಿರಿ. ಸುಮ್ಮನೆ ಚೆಂದಾಗದೆ ಎಂದು ಮಾತ್ರ ಬರೆಯಬೇಡಿ.